ನಿಲ್ಲಿಸಿದವರನ್ನು ಬೈಯಬಾರದು

ನನ್ನ ಅಣಕಕ್ಕೆ ಸಿಕ್ಕವರಲ್ಲಿ ಸಾಮಾನ್ಯವಾಗಿ ಎರಡು ಬಗೆ. ಕೆಲವರು ಎದುರಿಗೆ ನಕ್ಕು ಮನೆಗೆ ಹೋಗಿ ಕೊರಗುತ್ತಾರೆ. ಕೆಲವರು ಎದುರಿಗೇ ಸಿಟ್ಟಾಗಿ, ಆಮೇಲೆ ಚಹಾ ಕುಡಿಸಿ, "ಅವರದ್ದು ಒಂಚೂರು ಮಾಡು ನೋಡೋಣ" ಎಂದು ಪಕ್ಕದ ಮೇಜಿನವರನ್ನು ತೋರಿಸುತ್ತಾರೆ. ನನ್ನ ಅಣಕವನ್ನು ಕೂತು ತಿದ್ದಿಕೊಟ್ಟವರು ಒಬ್ಬರೇ.

ಅವರು ನಮ್ಮ ಕಚೇರಿಗೆ ಬರತೊಡಗಿ ಇನ್ನೂ ಕೆಲವೇ ವಾರಗಳಾಗಿದ್ದವು. ಊಟದ ಬಿಡುವಿನಲ್ಲಿ ನಾನು ಕುರ್ಚಿಯ ತುದಿಯಲ್ಲಿ ಕೂತು, ಇಲ್ಲದ ಕನ್ನಡಕವನ್ನು ತೆಗೆದು ಅಂಗಿಯ ಅಂಚಿನಿಂದ ಒರೆಸಿ, "ಹಾಗಾದ್ರೆ, ಇದನ್ನ ಒಪ್ಕೊಂಡವರು ಯಾರು?" ಎಂದು ಅವರ ಮೈಸೂರು ರಾಗದಲ್ಲಿ ಎಳೆಯುತ್ತಿದ್ದೆ. ಬಿದ್ದು ಬಿದ್ದು ನಗುತ್ತಿದ್ದ ಶೈನಿ ಚೇಚಿ ಇದ್ದಕ್ಕಿದ್ದಂತೆ ಮೀನು ಸಾರಿನ ಡಬ್ಬಿಯೊಳಗೆ ಏನೋ ಹುಡುಕತೊಡಗಿದರು. ತಿರುಗಿ ನೋಡಿದರೆ ಬಾಗಿಲಲ್ಲಿ ಅವರೇ ನಿಂತಿದ್ದಾರೆ, ಕೊಡೆಯನ್ನು ಅಂಗಿಯ ಹಿಂಬದಿಯ ಕಾಲರಿಗೆ ಸಿಕ್ಕಿಸಿಕೊಂಡು.

"ಪರವಾಗಿಲ್ಲ, ಚೆನ್ನಾಗಿದೆ" ಎಂದರು. "ಆದ್ರೆ ನಾನು 'ಹಾಗಾದ್ರೆ' ಅಂದ್ಮೇಲೆ ಅಷ್ಟು ಬೇಗ ಮುಂದಕ್ಕೆ ಹೋಗಲ್ಲಪ್ಪ. ಮಧ್ಯದಲ್ಲಿ ಒಂದ್ಸಲ ಮೂಗು ಉಜ್ಕೋತೀನಿ. ಎಲ್ಲಿ, ಇನ್ನೊಂದ್ಸಲ ಮಾಡು."

ಮಾಡಿದೆ. ಮೂಗು ಉಜ್ಜಿಕೊಂಡೆ.

"ಈಗ ಸರಿಹೋಯ್ತು ನೋಡು" ಎಂದು ಸಮಾಧಾನದಿಂದ ತಮ್ಮ ಮೊಸರನ್ನದ ಡಬ್ಬಿ ಬಿಚ್ಚಿದರು. ಅಣಕಿಸಿದವನು ನಾನು, ಆದರೆ ಮುಖ ಕೆಂಪಾದದ್ದೂ ನನ್ನದೇ.

ನಮ್ಮದು ಕೊಚ್ಚಿಯ ಎಡಪ್ಪಳ್ಳಿ ಜಂಕ್ಷನ್ನಿನ ಹತ್ತಿರ, ಕೆಳಗೆ ಚಪ್ಪಲಿ ಅಂಗಡಿ ಇರುವ ಕಟ್ಟಡದ ಮೇಲಂತಸ್ತಿನ ಸಣ್ಣ ಕಚೇರಿ. ಸಮುದ್ರದ ಸ್ಥಿತಿ ಹೇಗಿದೆ, ಅಲೆ ಎಷ್ಟು, ಗಾಳಿ ಎಷ್ಟು, ಇಂದು ಕಡಲಿಗಿಳಿಯಬಹುದೋ ಬಾರದೋ ಎಂಬುದನ್ನು ಮೀನುಗಾರರಿಗೆ ಅವರವರ ಭಾಷೆಯಲ್ಲಿ ಓದಿ ಹೇಳುವ ಕೆಲಸ. ತಿರುವನಂತಪುರದ ದೊಡ್ಡ ಕಚೇರಿಯಿಂದ ಇಂಗ್ಲಿಷಿನ ಹಾಳೆ ಬರುತ್ತದೆ. ನಾವು ಅದನ್ನು ತಿರುಗಿಸಿ, ಓದಿ, ಧ್ವನಿಮುದ್ರಿಸಿ ಕಳಿಸುತ್ತೇವೆ. ಅದು ಬಂದರಿನ ಮೈಕುಗಳಲ್ಲಿ, ದೋಣಿಯವರ ಮೊಬೈಲುಗಳಲ್ಲಿ ಕೇಳುತ್ತದೆ. ಮಲಯಾಳಕ್ಕೆ ತ್ರಿಪ್ಪುಣಿತ್ತುರದ ಶೈನಿ ಚೇಚಿ (ಚೇಚಿ ಅಂದರೆ ಅಕ್ಕ), ತಮಿಳಿಗೆ ನಾಗರಕೋಯಿಲಿನ ಮುರುಗನ್ ಅಣ್ಣ, ಕನ್ನಡಕ್ಕೆ ನಾನು.

ನನ್ನ ಊರು ಗದಗ. ಸಮುದ್ರ ಅನ್ನುವುದನ್ನು ನಾನು ಕಣ್ಣಾರೆ ಕಂಡದ್ದು ಈ ಕೆಲಸದ ಸಂದರ್ಶನಕ್ಕೆ ಕೊಚ್ಚಿಗೆ ಬಂದಾಗ. ಅಂಥವನು ಕಾರವಾರದಿಂದ ಮಂಗಳೂರಿನವರೆಗಿನ ಕಡಲ ಮಕ್ಕಳಿಗೆ ಅಲೆಯ ಎತ್ತರ ಹೇಳುತ್ತಿದ್ದೇನೆ. ಒಮ್ಮೆ ಮಲ್ಪೆಯಿಂದ ಒಬ್ಬ ಹಿರಿಯರು ಫೋನ್ ಮಾಡಿ, "ನೀವು ಅಲೆ ಅಂತ ಹೇಳುದು ಜೋಳದ ತೆನೆ ತೂಗಿದ ಹಾಗೆ ಕೇಳ್ತದೆ ಮಾರಾಯ್ರೆ, ಸ್ವಲ್ಪ ನೀರು ಹಾಕಿ ಹೇಳಿ" ಎಂದಿದ್ದರು. ಅಂದಿನಿಂದ ನೀರು ಹಾಕಿಯೇ ಹೇಳುತ್ತಿದ್ದೇನೆ.

ನಮ್ಮ ಮೂವರಿಗೂ ಕೋಚ್ ಆಗಿ ಅವರು ಬಂದದ್ದಕ್ಕೆ ಕಾರಣವಿತ್ತು. ಒಂದು ದಿನ ಕನ್ನಡದ ಸೂಚನೆಯಾಗಿ ಹಿಂದಿನ ದಿನದ ಓದು ಹೋಗಿಬಿಟ್ಟಿತು. ಹಿಂದಿನ ದಿನ ಕಡಲು ಶಾಂತ, ಆ ದಿನ ಅಲ್ಲ. ಯಾರಿಗೂ ಪ್ರಾಣಾಪಾಯವಾಗಲಿಲ್ಲ, ಆದರೆ ಹೊನ್ನಾವರದ ಕಡೆಯ ಒಂದು ದೋಣಿಯವರು ಬಲೆ ಕಡಿದು ಬಿಟ್ಟು ಓಡಿ ಬರಬೇಕಾಯಿತು. ದೊಡ್ಡ ಕಚೇರಿಯ ದೊಡ್ಡ ಸಾರ್ ಫೋನಿನಲ್ಲಿ ಹೆಚ್ಚು ಕೂಗಲಿಲ್ಲ. ಇನ್ನೊಮ್ಮೆ ಹೀಗಾದರೆ ಕನ್ನಡ ಮತ್ತು ತಮಿಳನ್ನು ನಿಮ್ಮಿಂದ ತೆಗೆದು ಯಂತ್ರದ ಧ್ವನಿಗೆ ಕೊಡುತ್ತೇವೆ, ಮೂರು ತಿಂಗಳು ನೋಡುತ್ತೇವೆ ಎಂದಷ್ಟೇ ಹೇಳಿದರು. ಅಂದರೆ ಮುರುಗನ್ ಅಣ್ಣ ನಾಗರಕೋಯಿಲಿಗೆ, ನಾನು ಗದುಗಿನ ಬಸ್‌ಸ್ಟ್ಯಾಂಡಿಗೆ. ಮಲ್ಪೆಯ ಹಿರಿಯರು ಜೋಳದ ತೆನೆಯ ಬದಲು ಕಬ್ಬಿಣದ ಡಬ್ಬಿಯ ಮಾತು ಕೇಳಬೇಕು.

ವಿಚಿತ್ರವೆಂದರೆ ಇಂಥ ತಪ್ಪು ಆಗಬಾರದೆಂದು ನಾವು ಮೊದಲೇ ಒಪ್ಪಂದ ಮಾಡಿಕೊಂಡಿದ್ದೆವು. ಕೋವಳಂನ ಒಂದು ಹೋಟೆಲಿನಲ್ಲಿ ಎರಡು ದಿನ ತರಬೇತಿ ಕೊಟ್ಟು, ಬಣ್ಣದ ಪೆನ್ನು ಕೊಟ್ಟು, "ನಿಮ್ಮ ನಿಯಮಗಳನ್ನು ನೀವೇ ಬರೆಯಿರಿ" ಎಂದಿದ್ದರು. ನಾವು ಖುಷಿಯಲ್ಲಿ ಬರೆದೇ ಬರೆದೆವು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಮಾತಾಡಬಾರದು. ಧ್ವನಿಮುದ್ರಣದ ಕೋಣೆಯೊಳಗೆ ಮೊಬೈಲ್ ಒಯ್ಯಬಾರದು. ದಿನವೂ ಬೆಳಿಗ್ಗೆ ಕೆಲಸಕ್ಕೆ ಮುಂಚೆ ನಿಂತುಕೊಂಡೇ ಮಾತಾಡಬೇಕು. ಓದಿದ್ದನ್ನು ಇನ್ನೊಬ್ಬರು ಕೇಳದೆ ಕಳಿಸಬಾರದು. ಹೀಗೆ ಇನ್ನೂ ಏನೇನೋ. ಕೊನೆಗೆ ಎಲ್ಲರೂ ಸಹಿ ಹಾಕಿ, ಫೋಟೊ ಹಿಡಿಸಿಕೊಂಡು, ಆ ಹಾಳೆಗೆ ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹಾಕಿದೆವು. ಅದರ ಮೊಳೆಗೆ ಚೇಚಿ ತಮ್ಮ ಕೈಚೀಲ ನೇತುಹಾಕುತ್ತಿದ್ದರು. ನಿಂತು ಮಾತಾಡುವ ಸಭೆಯಲ್ಲಿ ಮುರುಗನ್ ಅಣ್ಣ ಮೊದಲ ವಾರವೇ ಕೂತುಬಿಟ್ಟರು, ಮೊಣಕಾಲು ನೋವಂತೆ. ಅವರು ಕೂತರೆಂದು ನಾವೂ ಕೂತೆವು.

ಇಂಥ ತಂಡವನ್ನು ತಿದ್ದಲು ಅವರು ಬಂದರು. ಮೈಸೂರಿನವರು. ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯಲ್ಲಿ ಬಹಳ ಕಾಲ ದುಡಿದು ನಿವೃತ್ತರಾದವರು. ಪ್ರತಿ ಗುರುವಾರ ಬೆಳಗಿನ ರೈಲು ಹಿಡಿದು ಬಂದು, ಸಂಜೆಯ ರೈಲಿಗೆ ಹಿಂದಿರುಗುತ್ತಿದ್ದರು. ಬ್ಯಾಗಿನಲ್ಲಿ ಮೊಸರನ್ನ, ಒಂದು ಸ್ಟೀಲ್ ಲೋಟ. ಕೇರಳದಲ್ಲಿ ಇಷ್ಟು ವರ್ಷ ಕಳೆದರೂ ಇಲ್ಲಿನ ಕಾಫಿಯನ್ನು ಅವರು ಕ್ಷಮಿಸಿರಲಿಲ್ಲ. ಕನಿಷ್ಠ ಲೋಟವಾದರೂ ನಮ್ಮದಿರಲಿ ಎಂಬ ಹಟ. ಮಲಯಾಳವನ್ನು ತಪ್ಪಿಲ್ಲದೆ ಮಾತಾಡುತ್ತಿದ್ದರು, ಆದರೆ ಪ್ರತಿ ವಾಕ್ಯವೂ ಮೈಸೂರಿನಲ್ಲಿ ಒಂದು ಸುತ್ತು ಹಾಕಿಕೊಂಡೇ ಹೊರಬರುತ್ತಿತ್ತು. ಅವರ ಮಗಳು ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲೇ ಉತ್ತರಿಸುತ್ತಾಳಂತೆ. "ಅವಳು ಉತ್ತರ ಕೊಡೋದೇ ದೊಡ್ಡದು, ಭಾಷೆ ಯಾವುದಾದ್ರೇನು" ಎನ್ನುತ್ತಿದ್ದರು.

ರಾಕೆಟ್ಟಿನ ಕತೆ ಕೇಳಬೇಕೆಂದು ನಾನು ಮೊದಲ ದಿನದಿಂದಲೇ ಬೆನ್ನು ಬಿದ್ದಿದ್ದೆ.

"ಸರ, ಅದು ಮ್ಯಾಲ ಹೋಗೂವಾಗ ನಿಮಗ ಹೆಂಗ ಅನಸ್ತಿತ್ರಿ?"

"ಯಾವ್ದು?"

"ರಾಕೆಟ್ರಿ ಸರ."

ಕನ್ನಡಕ ಒರೆಸಿದರು. ಮೂಗು ಉಜ್ಜಿಕೊಂಡರು. "ನಮ್ಮ ಕ್ಯಾಂಟೀನಲ್ಲಿ ಒಬ್ಬ ಆಲೂಗಡ್ಡೆ ಬೋಂಡ ಮಾಡ್ತಿದ್ದ ನೋಡು" ಎಂದು ಶುರುಮಾಡಿದವರು ಬೋಂಡದಲ್ಲೇ ಮುಗಿಸಿದರು. ಆಮೇಲೆ ಎಷ್ಟು ಸಲ ಕೇಳಿದರೂ ರಾಕೆಟ್ಟು ಮೇಲೇಳಲೇ ಇಲ್ಲ, ಬೋಂಡವೇ ಏಳುತ್ತಿತ್ತು.

ಮೊದಲ ಗುರುವಾರ ಅವರು ಏನನ್ನೂ ಹೇಳಿಕೊಡಲಿಲ್ಲ. ಮೂಲೆಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ದಿನವಿಡೀ ನೋಡಿದರು. ಹೋಗುವಾಗ ಮಾತ್ರ, "ನಿಮಗೂ ನನಗೂ ನಡುವೆ ಒಂದು ಒಪ್ಪಂದ ಇರಲಿ. ನಾನು ನಿಮಗೆ ಹೇಳದೆ ನಿಮ್ಮನ್ನ ಪರೀಕ್ಷೆ ಮಾಡಲ್ಲ. ನೀವು ನನಗೆ ಇಲ್ಲದ್ದನ್ನ ಇದೆ ಅಂತ ಹೇಳಬೇಡಿ" ಎಂದರು.

ನಾವು ಮೂವರೂ ಒಂದೇ ದನಿಯಲ್ಲಿ "ಶರಿ ಸಾರ್" ಎಂದೆವು. ಈ 'ಶರಿ' ನಮ್ಮ ಕಚೇರಿಯ ರಾಷ್ಟ್ರಗೀತೆ. ದೊಡ್ಡ ಸಾರ್ ಫೋನ್ ಮಾಡಿದರೆ ಶರಿ, ತರಬೇತಿಯವರು ಕೇಳಿದರೆ ಶರಿ, ನೀರಿನ ಕ್ಯಾನಿನವನು ನಾಳೆ ಬರುತ್ತೇನೆಂದರೂ ಶರಿ.

ಅವರೂ ತಮ್ಮದೊಂದನ್ನು ಹೇಳಿಕೊಂಡರು. "ನನಗೂ ಮನೆಯವರಿಗೂ ಒಂದು ಒಪ್ಪಂದ ಇದೆ. ಸಿಹಿ ಮುಟ್ಟಬಾರದು. ನಾನು ಮುರಿದ್ರೆ ನೀವು ಹೇಳ್ಬೇಕು." ಮುಂದಿನ ವಾರವೇ ಚೇಚಿಯ ಡಬ್ಬಿಯಿಂದ ಬೆಲ್ಲ ಮೆತ್ತಿದ ಬಾಳೆಕಾಯಿ ಚಿಪ್ಸು ಒಂದೊಂದಾಗಿ ಅವರ ಅಂಗಿಯ ಕಿಸೆಗೆ ಹೋದವು. ನಾವು ನೋಡಿದೆವು. ಯಾರೂ ಹೇಳಲಿಲ್ಲ. ದೊಡ್ಡವರು, ಬೇಜಾರಾದೀತು. ಅವರು ಅದನ್ನೂ ಗಮನಿಸಿದರೆಂದು ಕಾಣುತ್ತದೆ, ಏಕೆಂದರೆ ಚಿಪ್ಸು ಅಗಿಯುತ್ತಲೇ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ ನಿಟ್ಟುಸಿರಿಟ್ಟರು.

ಗೋಡೆಯ ನಿಯಮಗಳಲ್ಲಿ 'ಇನ್ನೊಬ್ಬರು ಕೇಳದೆ ಕಳಿಸಬಾರದು' ಎಂಬುದೊಂದೇ ನಾವು ಬಿಡದೆ ಪಾಲಿಸುತ್ತಿದ್ದೆವು, ಅಥವಾ ಹಾಗೆಂದುಕೊಂಡಿದ್ದೆವು. ನಾನು ಕನ್ನಡದಲ್ಲಿ ಓದಿದ್ದನ್ನು ಚೇಚಿ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದರು. ಚೇಚಿಯದನ್ನು ಮುರುಗನ್ ಅಣ್ಣ. ಮುರುಗನ್ ಅಣ್ಣನ ತಮಿಳನ್ನು ನಾನು. ನನ್ನ ತಮಿಳು ಸಿನಿಮಾದ ಹೊಡೆದಾಟಗಳಿಂದ ಕಲಿತದ್ದು, ಯಾರಾದರೂ ಯಾರಿಗಾದರೂ ಸವಾಲು ಹಾಕಿದರೆ ಅರ್ಥವಾಗುತ್ತದೆ, ಗಾಳಿಯ ವೇಗ ಆಗುವುದಿಲ್ಲ. ಚೇಚಿಗೆ ಕನ್ನಡ ಅಷ್ಟೂ ಇಲ್ಲ. ಆದರೂ ದಿನವೂ ತಲೆದೂಗಿ, ಹೆಬ್ಬೆರಳು ಎತ್ತಿ, 'ಕೇಳಲಾಗಿದೆ' ಎಂದು ಗುರುತು ಹಾಕಿ ಕಳಿಸುತ್ತಿದ್ದೆವು.

ಕೋಚ್ ಸಾರ್ ಕೆಲವು ವಾರ ಇದನ್ನು ನೋಡಿದರು. ಒಂದು ಗುರುವಾರ ನನ್ನನ್ನು ಕಾರಿಡಾರಿಗೆ ಕರೆದು, "ಅಭ್ಯಾಸಕ್ಕೆ ಒಂದು ಓದ್ತೀಯಾ? ಅದೇ ಗಂಭೀರ ದನಿ ಇರ್ಲಿ. ಆದ್ರೆ ವಿಷಯ ಬೇರೆ" ಎಂದರು. ಅಣಕದವನಿಗೆ ಇದಕ್ಕಿಂತ ಹಬ್ಬವುಂಟೇ? ಒಳಗೆ ಹೋಗಿ, ಬಿರುಗಾಳಿಯ ಮುನ್ನೆಚ್ಚರಿಕೆ ಕೊಡುವ ದನಿಯಲ್ಲಿ, ರವೆಯನ್ನು ಹದವಾಗಿ ಹುರಿಯುವುದರಿಂದ ಹಿಡಿದು ಕೊನೆಗೆ ತೆಂಗಿನತುರಿ ಉದುರಿಸುವವರೆಗೆ ಉಪ್ಪಿಟ್ಟು ಮಾಡುವ ವಿಧಾನವನ್ನು ಓದಿದೆ. ಚೇಚಿ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿದರು. ತಲೆದೂಗಿದರು. ಹೆಬ್ಬೆರಳು ಎತ್ತಿದರು.

"ಏನು ಹೇಳಿದ ಅವನು?" ಎಂದು ಅವರು ಮಲಯಾಳದಲ್ಲಿ ಕೇಳಿದರು.

"ಎಂದಿನ ಹಾಗೇ ಸಾರೇ. ಅಲೆ, ಗಾಳಿ. ಉಪ್ಪು ಅಂತಲೂ ಬಂತು. ಸಮುದ್ರ ಅಲ್ಲವಾ, ಇರುತ್ತೆ ಅಂದುಕೊಂಡೆ."

(ಚೇಚಿ ನನ್ನೊಡನೆ, ಎಲ್ಲರೊಡನೆ, ಮಾತಾಡುವುದು ಮಲಯಾಳದಲ್ಲೇ. ನಾನಿಲ್ಲಿ ಅವರನ್ನು ಕನ್ನಡದಲ್ಲಿ ಅಣಕಿಸುತ್ತಿದ್ದೇನೆ.)

ಉಪ್ಪಿಟ್ಟೆಂದು ಗೊತ್ತಾದಾಗ ಮುರುಗನ್ ಅಣ್ಣ ಮೇಜು ತಟ್ಟಿ ನಕ್ಕರು. ನಾನಂತೂ ನೆಲ ಹಿಡಿದಿದ್ದೆ. ಚೇಚಿ ನಗಲಿಲ್ಲ. ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಮೆಲ್ಲನೆ ಇಟ್ಟರು. ಅವರ ಮೂಗಿನ ತುದಿ ಕೆಂಪಾಗಿತ್ತು.

"ಸಾರ್, ಹೇಳದೆ ಪರೀಕ್ಷೆ ಮಾಡುವುದಿಲ್ಲ ಎಂದು ನೀವು ಒಪ್ಪಿದ್ದಿರಿ" ಎಂದರು.

ಒಪ್ಪಂದ ಮುರಿದಿದೆಯೆಂದು ನಮ್ಮ ಕಚೇರಿಯಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಳಿದ್ದು ಅದೇ ಮೊದಲು. ಅದೂ ಕೋಚಿಗೇ.

ಅವರು ಸ್ಟೂಲಿನಿಂದ ಎದ್ದು ನಿಂತರು. ಮೂಗು ಉಜ್ಜಲಿಲ್ಲ, ಕನ್ನಡಕ ಒರೆಸಲಿಲ್ಲ. "ಹೌದು. ಒಪ್ಪಿದ್ದೆ. ಮುರಿದೆ. ತಪ್ಪಾಯ್ತು" ಎಂದರು. ಮತ್ತೆ ಕೂರಲು ಚೇಚಿ ಹೇಳುವವರೆಗೂ ನಿಂತೇ ಇದ್ದರು. ಆಮೇಲೆ ನಿಧಾನವಾಗಿ, "ನೀವು ಕೇಳಿದ್ದೇನೂ ತಪ್ಪಲ್ಲ ಶೈನಿ. ಬಾರದ ಭಾಷೆಯನ್ನ ಕೇಳಿ ಸರಿ ಇದೆ ಅಂತ ಹೇಳೋಕೆ ಯಾರಿಂದಲೂ ಆಗಲ್ಲ. ಆಗದೆ ಇರೋದನ್ನ ನೀವು ಮೂರು ಜನ ಒಪ್ಕೊಂಡ್ರಲ್ಲ, ಅವತ್ತು ಒಬ್ಬರಾದ್ರೂ 'ಇದು ಆಗಲ್ಲ' ಅಂತ ಯಾಕೆ ಹೇಳಲಿಲ್ಲ? ನನಗೆ ಬೇಕಾಗಿರೋದು ಅದೊಂದೇ" ಎಂದರು.

ಯಾಕೆ ಹೇಳಲಿಲ್ಲ? ಕೋವಳಂನಲ್ಲಿ ಊಟ ಚೆನ್ನಾಗಿತ್ತು. ಎಲ್ಲರೂ ನಗುತ್ತಿದ್ದರು. ಮುರುಗನ್ ಅಣ್ಣ ಒಪ್ಪಿದ್ದರು, ಹಾಗಾಗಿ ನಾನು ಒಪ್ಪಿದೆ. ನಾನು ಒಪ್ಪಿದ್ದೇನೆಂದು ಚೇಚಿ ಒಪ್ಪಿದರು. ಮುರುಗನ್ ಅಣ್ಣನನ್ನು ಕೇಳಿದರೆ, "ನೀವಿಬ್ಬರೂ ಬರೆದಾಗಿತ್ತಲ್ಲಪ್ಪ ತಂಬಿ" ಎಂದರು.

ಅಂದು ಸಂಜೆ ರೈಲಿಗೆ ಮುಂಚೆ ಕೋಚ್ ಸಾರ್‌ಗೆ ಮಟ್ಟಾಂಚೇರಿಗೆ ಹೋಗಬೇಕಿತ್ತು, ಮನೆಯವರು ಕರಿಮೆಣಸು ತರಲು ಹೇಳಿದ್ದರು. ದಾರಿ ತೋರಿಸುವ ನೆಪದಲ್ಲಿ ನಾನೂ ಹೊರಟೆ. ಎರ್ನಾಕುಳಂ ಜೆಟ್ಟಿಯಿಂದ ದೋಣಿ ಹತ್ತಿದೆವು. ಅವರು ಕಿಟಕಿಯ ಬದಿಗೆ ಕೂತು, ಕೊಡೆಯನ್ನು ಕಾಲರಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಸರ, ಖರೇ ಹೇಳ್ರಿ. ಚೇಚಿ ಬಾಯಿಂದ ಆ ಮಾತ ಹೊರಡಸಬೇಕಂತನ ನೀವು ಬೇಕಂತ ಒಪ್ಪಂದ ಮುರಿದ್ರಿ, ಹೌದಿಲ್ರಿ?"

"ಇಲ್ಲಪ್ಪ" ಎಂದರು. "ಮರ್ತೇಹೋಗಿತ್ತು. ಒಂದು ಒಳ್ಳೆ ಉಪಾಯ ಹೊಳೀತು ನೋಡು, ಆ ಖುಷೀಲಿ ನಾನೇ ಆಡಿದ್ದ ಮಾತು ಮರ್ತೇಹೋಯ್ತು. ಎಲ್ಲರೂ ಹಿಂಗೇ ಮುರಿಯೋದು. ಕೆಟ್ಟತನದಿಂದ ಮುರಿಯೋರು ಕಡಿಮೆ."

ಕೊಡೆಯ ಮಡಿಕೆಗಳನ್ನು ಸರಿಮಾಡಿಕೊಂಡರು. "ಆಕೆ ಹೇಳಿದ್ರಲ್ಲ. ಬಹಳ ಒಳ್ಳೇದಾಯ್ತು. ಅಳು ಬಂದಿತ್ತು ಪಾಪ, ಆದ್ರೂ ಹೇಳಿದ್ರು."

ಮೆಣಸಿನ ಮಂಡಿಯಲ್ಲಿ ಕಾಳನ್ನು ಅಂಗೈಯಲ್ಲಿ ಉರುಳಿಸಿ, ಮೂಸಿ, ಕಚ್ಚಿ, ವ್ಯಾಪಾರಿಯೊಡನೆ ಮೈಸೂರಿನ ಮಲಯಾಳದಲ್ಲಿ ಸುದೀರ್ಘ ಚರ್ಚೆ ಮಾಡಿ, ಕೊನೆಗೆ ಮೆಣಸು ಬಿಟ್ಟು ಏಲಕ್ಕಿ ಕೊಂಡರು. "ಇದು ಬಹಳ ಚೆನ್ನಾಗಿದೆ ಕಣಯ್ಯ" ಎಂದರು. ಮನೆಯಲ್ಲಿ ಏನಾಯಿತೆಂದು ಮುಂದಿನ ವಾರ ಕೇಳಿದಾಗ ಬೋಂಡದ ಕತೆ ಹೇಳಿದರು.

ಆ ಮೇಲಿನ ಗುರುವಾರಗಳಲ್ಲಿ ಅವರದೊಂದೇ ಪ್ರಶ್ನೆ, "ಗೋಡೆ ಮೇಲಿಂದ ಇವತ್ತು ಯಾವುದನ್ನ ತೆಗೆಯೋಣ?" ಇತರ ಕೋಚುಗಳು ನಿಯಮ ಸೇರಿಸುತ್ತಾರೆ. ಇವರು ಕಿತ್ತು ಹಾಕಿಸುತ್ತಿದ್ದರು. ಆದರೆ ಸುಮ್ಮನೆ ಬಿಡುತ್ತಿರಲಿಲ್ಲ. ಈ ನಿಯಮ ಯಾರಿಗೆ ಬೇಕಿತ್ತು, ಯಾರಿಗೆ ಬೇಡವಾಗಿತ್ತು, ಬೇಡವಾದವರು ಯಾಕೆ ಬಾಯಿ ಬಿಡಲಿಲ್ಲ ಎಂದು ಒಂದೊಂದನ್ನೂ ಬಿಡಿಸಿ ನೋಡಬೇಕು. 'ಶರಿ' ಎಂಬ ಪದವನ್ನು ಆ ಹೊತ್ತು ಯಾರೂ ಬಳಸುವಂತಿಲ್ಲ. ಮೊಬೈಲ್ ಬಿಟ್ಟು ಕೋಣೆಗೆ ಹೋಗಲು ಚೇಚಿಗೆ ಸಾಧ್ಯವೇ ಇರಲಿಲ್ಲ, ಅವರ ಮಗನ ಶಾಲೆಯಿಂದ ಯಾವಾಗ ಬೇಕಾದರೂ ಕರೆ ಬರುತ್ತಿತ್ತು, ಹುಡುಗನಿಗೆ ಉಬ್ಬಸ. ಒಟ್ಟಿಗೆ ಇಷ್ಟು ಕಾಲ ಕೆಲಸ ಮಾಡಿಯೂ ಇದು ನಮಗೆ ಗೊತ್ತಿರಲಿಲ್ಲ. ಆ ನಿಯಮ ಹೋಯಿತು. ನಿಂತು ಮಾತಾಡುವ ನಿಯಮವನ್ನು ಮುರುಗನ್ ಅಣ್ಣನ ಮೊಣಕಾಲಿಗೆ ಅರ್ಪಿಸಿದೆವು.

ಕೊನೆಗೆ ಉಳಿದದ್ದು ಕೇಳಿಸಿಕೊಳ್ಳುವ ನಿಯಮವೊಂದೇ. ಅದನ್ನು ಬಿಡುವಂತಿರಲಿಲ್ಲ, ಇದ್ದಂತೆ ಇಟ್ಟುಕೊಳ್ಳುವಂತೆಯೂ ಇರಲಿಲ್ಲ. ಆಗ ಚೇಚಿಯೇ, "ನನಗೆ ಇಡೀ ಕನ್ನಡ ಬೇಡ ಸಾರ್. ಅಂಕಿ, ಊರಿನ ಹೆಸರು, ಹೋಗಬಹುದು, ಹೋಗಬಾರದು. ಇಷ್ಟು ಕಲಿಸಿದರೆ ಸಾಕು, ಹಾಳೆ ಎದುರಿಗಿಟ್ಟುಕೊಂಡು ಕೇಳುತ್ತೇನೆ" ಎಂದರು. ಕೋಚ್ ಸಾರ್ ಮುಖ ಅಂದು ನೋಡಬೇಕಿತ್ತು. ಬೋಂಡ ಸಿಕ್ಕವರ ಹಾಗಿತ್ತು.

ಚಹಾದ ಹೊತ್ತು ನಮ್ಮಲ್ಲಿ ಬಾಲವಾಡಿಯಾಯಿತು. ಚೇಚಿ ಒಂದು, ಒಂದೂವರೆ, ಎರಡು, ಎರಡೂವರೆ ಎಂದು ಕೂಗುತ್ತಿದ್ದರು. ನಾನು ತಮಿಳಿನ ಅಂಕಿಗಳನ್ನು ಸಿನಿಮಾದ ಖಳನಾಯಕನ ಗತ್ತಿನಲ್ಲಿ ಒಪ್ಪಿಸುತ್ತಿದ್ದೆ. ಮುರುಗನ್ ಅಣ್ಣನಿಗೆ ಮಲಯಾಳ ಬರುತ್ತಿದ್ದರೂ ಬಿಡದೆ ಕೂರಿಸಿದೆವು. ನಿಯಮವನ್ನು ಹೊಸದಾಗಿ ಬರೆಯುವಾಗ ಮೂರು ಮಾತಾಯಿತು. ಒಬ್ಬರು ಓದಿದ್ದನ್ನು ಇನ್ನೊಬ್ಬರು ಹಾಳೆ ಹಿಡಿದು ಕೇಳಬೇಕು. ಅನುಮಾನ ಬಂದರೆ ನಿಲ್ಲಿಸಬೇಕು. ನಿಲ್ಲಿಸಿದವರನ್ನು ಬೈಯಬಾರದು. ಈ ಮೂರನೆಯದನ್ನು ಹೇಳಿದವನು ನಾನೇ. ಬಹಳ ಉದಾತ್ತವಾಗಿ ಕೇಳುತ್ತದೆಂದು ಹೇಳಿದ್ದೆ.

ಲ್ಯಾಮಿನೇಷನ್ ಮಾಡಿಸೋಣವೇ ಎಂದಾಗ ಕೋಚ್ ಸಾರ್, "ಬೇಡ. ಹರಿದುಹೋದ್ರೆ ಮತ್ತೆ ಬರೀಬಹುದು" ಎಂದರು.

ಮೂರು ತಿಂಗಳ ಗಡುವು ಮುಗಿಯಲು ಹೆಚ್ಚು ದಿನಗಳಿರಲಿಲ್ಲ. ಒಂದು ಗುರುವಾರ ಮಧ್ಯಾಹ್ನ ದೊಡ್ಡ ಕಚೇರಿಯಿಂದ ತುರ್ತು ಹಾಳೆ ಬಂತು. ಸಂಜೆಯಿಂದ ಕಡಲು ಕೆರಳಲಿದೆ, ದೋಣಿಗಳು ಹೊರಡುವ ಮುಂಚೆ ಸೂಚನೆ ಮುಟ್ಟಬೇಕು. ಮಲಯಾಳ ಹೋಯಿತು. ತಮಿಳು ಹೋಯಿತು. ನಾನು ಕನ್ನಡ ಓದಿ ಹೊರಬಂದೆ. ಚೇಚಿ ಹಾಳೆಯ ಮೇಲೆ ಬೆರಳಿಟ್ಟು ಕೇಳುತ್ತಿದ್ದವರು, ಕೊನೆಗೆ ಬಂದು, ಹುಬ್ಬು ಗಂಟಿಕ್ಕಿ, ಕೈ ಎತ್ತಿದರು.

"ನಿಲ್ಲು. ಕಳಿಸಬೇಡ."

"ಯಾಕ?"

"ಕಡಲಿಗಿಳಿಯಬಾರದು ಅನ್ನುವುದು ಬರಲಿಲ್ಲ. ಹಾಳೆಯಲ್ಲಿ ಕೊನೆಗಿದೆ. ನೀನು ಹೇಳಲೇ ಇಲ್ಲ."

"ಹೇಳೀನಿ ಚೇಚಿ, ಮೊದಲ ಹೇಳೀನಿ! ಮುಖ್ಯ ಮಾತು ಮೊದಲ ಬರಲಿ ಅಂತ ಮ್ಯಾಲ ತಗೊಂಡೀನಿ."

"ನಾನು ಕೊನೆಯಲ್ಲಿ ಹುಡುಕುತ್ತಿದ್ದೆ. ಇನ್ನೊಮ್ಮೆ ಕೇಳುತ್ತೇನೆ."

"ಟೈಮ್ ಎಲ್ಲೈತ್ರೀ! ಗೊತ್ತಿರದಿದ್ರ ಸುಮ್ನ ಇರಬೇಕು. ಕನ್ನಡ ನನಗ ಬರತೈತೋ ನಿಮಗ ಬರತೈತೋ?"

ಇದನ್ನು ನಾನು ಗದುಗಿನ ಕನ್ನಡದಲ್ಲೇ ಕೂಗಿದ್ದೆ. ಅರ್ಥವಾಗಲು ಭಾಷೆ ಬೇಕಿರಲಿಲ್ಲ. ಚೇಚಿ ಹೆಡ್‌ಫೋನ್ ತೆಗೆಯಲಿಲ್ಲ. ಮತ್ತೆ ಮೊದಲಿಂದ ಹಚ್ಚಿದರು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ದೊಡ್ಡ ಸಾರ್. ನಾನು ಕೈ ಚಾಚುವ ಮೊದಲೇ ಕೋಚ್ ಸಾರ್ ಸ್ಟೂಲಿನಿಂದ ಎದ್ದು ಎತ್ತಿಕೊಂಡರು.

"ಕನ್ನಡ ಇನ್ನೂ ಬಂದಿಲ್ಲ ಸಾರ್, ಗೊತ್ತು. ಕೇಳಿಸ್ಕೊಳ್ತಾ ಇದಾರೆ… ಇಲ್ಲ, ತಪ್ಪೇನೂ ಸಿಕ್ಕಿಲ್ಲ… ಅದಕ್ಕೇ ಸಾರ್, ತಪ್ಪಿಲ್ಲ ಅಂತ ಗೊತ್ತಾಗ್ಬೇಕಲ್ಲ. ಕೇಳಿ ಮುಗಿದ ಕೂಡಲೇ ಬರುತ್ತೆ." ಫೋನ್ ಇಟ್ಟರು. ಕೂತರು. ಸ್ಟೂಲು ಕಿರುಗುಟ್ಟಿತು.

ಚೇಚಿ ಹೆಬ್ಬೆರಳು ಎತ್ತಿದರು. ಸೂಚನೆ ಹೋಯಿತು. ಹೊತ್ತಿಗೆ ಮುಂಚೆಯೇ ಮುಟ್ಟಿತು ಎಂಬುದು ಆಮೇಲೆ ತಿಳಿಯಿತು.

"ನೋಡ್ರಿ ಸರ, ತಪ್ಪು ಇರಲೇ ಇಲ್ಲ" ಎಂದೆ.

"ಇರಲಿಲ್ಲ" ಎಂದು ಒಪ್ಪಿದರು. ಕನ್ನಡಕ ತೆಗೆದು ನಿಧಾನವಾಗಿ ಒರೆಸಿದರು. "ಆದ್ರೆ ಇವತ್ತು ನೀನು ಹಿಂಗೆ ಕೂಗಿದೆಯಲ್ಲ, ನಾಳೆ ನಿಜವಾಗ್ಲೂ ತಪ್ಪಾದಾಗ ನಿನ್ನನ್ನ ಯಾರಯ್ಯ ನಿಲ್ಲಿಸ್ತಾರೆ?"

ಕೆಳಗಿಳಿದು ಹೋಗಿ ನಾಲ್ವರಿಗೂ ಚಹಾ ತಂದೆ. ಚೇಚಿಯ ಮುಂದೆ ಲೋಟವಿಟ್ಟು ನಿಂತೆ. ಅವರು ನನ್ನತ್ತ ನೋಡದೆ, ಮಗನನ್ನು ಕರೆಯುವ ಹಾಗೆ, "ನಾಳೆಯೂ ನಿಲ್ಲಿಸುತ್ತೇನೆ, ಮೋನೇ. ನೀನು ಕೂಗಿದರೂ ಅಷ್ಟೇ" ಎಂದರು. ಕೋಚ್ ಸಾರ್ ಮೂಲೆಯಲ್ಲಿ ತಮ್ಮ ಸ್ಟೀಲ್ ಲೋಟಕ್ಕೆ ಚಹಾ ಬಗ್ಗಿಸಿಕೊಳ್ಳುತ್ತ ಯಾರಿಗೂ ಕಾಣದಂತೆ ನಕ್ಕರು. ನಾನು ನೋಡಿದೆ. ಅಣಕಿಸುವವರ ಕಣ್ಣಿಗೆ ಅಂಥವೇ ಬೀಳುವುದು.

ಗಡುವು ಮುಗಿಯಿತು. ಕನ್ನಡ, ತಮಿಳು ಎರಡೂ ನಮ್ಮಲ್ಲೇ ಉಳಿದವು. ಕೋಚ್ ಸಾರ್ ಕೆಲಸವೂ ಮುಗಿಯಿತೆಂದು ದೊಡ್ಡ ಕಚೇರಿ ಹೇಳಿತು. ಕೊನೆಯ ಗುರುವಾರ ಚೇಚಿ ಪಾಲಡ ಪಾಯಸ ತಂದಿದ್ದರು. ಕೋಚ್ ಸಾರ್ ಲೋಟ ಚಾಚಿದಾಗ ಮೂವರೂ ಒಟ್ಟಿಗೆ, "ಸಾರ್, ನಿಮ್ಮ ಒಪ್ಪಂದ!" ಎಂದು ಕೂಗಿದೆವು. ಬಹಳ ಸಂತೋಷದಿಂದ ಲೋಟ ಕೆಳಗಿಟ್ಟರು. ಆಮೇಲೆ ಬಹಳ ಸಂಕಟದಿಂದ ಅದನ್ನೇ ನೋಡುತ್ತ ಕೂತರು.

ತಿರುವನಂತಪುರದಿಂದ ಅವರು ಕನ್ನಡದ ಸೂಚನೆಯನ್ನು ದಿನವೂ ಮೊಬೈಲಿನಲ್ಲಿ ಕೇಳುತ್ತಿದ್ದರು. ದೋಣಿಯಿಲ್ಲ, ಬಲೆಯಿಲ್ಲ, ಮೀನು ತಿನ್ನುವವರೂ ಅಲ್ಲ. ಆಗಾಗ ನನಗೆ ಒಂದು ಸಾಲು ಬರುತ್ತಿತ್ತು: "ಇವತ್ತು ಕುಂದಾಪುರ ಹೇಳುವಾಗ ಅವಸರ ಮಾಡಿದೆ." ಒಮ್ಮೆ, "ಶೈನಿಗೆ ತಿಳಿಸು, ಮಗನ ಉಬ್ಬಸಕ್ಕೆ ನಮ್ಮ ಪರಿಚಯದ ಡಾಕ್ಟರೊಬ್ಬರು ಇದ್ದಾರೆ." ರಾಕೆಟ್ಟಿನ ಬಗ್ಗೆ ಕೊನೆಗೂ ಏನೂ ಬರೆಯಲಿಲ್ಲ.

ಕಳೆದ ತಿಂಗಳು ಒಂದು ಬೆಳಿಗ್ಗೆ ಅವರ ಮಗಳು ಕಚೇರಿಗೆ ಫೋನ್ ಮಾಡಿದರು. ಮಲಯಾಳದಲ್ಲಿ ಹೇಳಿದರು. ರಾತ್ರಿ ಮಲಗಿದವರು ಏಳಲಿಲ್ಲವಂತೆ. ಚೇಚಿ ಫೋನ್ ಇಟ್ಟು ನಮಗೆ ಹೇಳಿ, ಕುರ್ಚಿಯಲ್ಲಿ ಕೂತರು. ಮುರುಗನ್ ಅಣ್ಣ ಎದ್ದು ಹೋಗಿ ಆ ಪ್ಲಾಸ್ಟಿಕ್ ಸ್ಟೂಲನ್ನು ಗೋಡೆಗೆ ಸರಿಸಿದರು, ಮತ್ತೆ ಇದ್ದಲ್ಲಿಗೇ ತಂದಿಟ್ಟರು. ಮಧ್ಯಾಹ್ನದ ರೈಲಿಗೆ ಮೂವರೂ ಹೋಗುವುದೆಂದಾಯಿತು.

ಆದರೆ ಬೆಳಗಿನ ಹಾಳೆ ಬಂದಿತ್ತು. ದೋಣಿಯವರು ಕಾಯುತ್ತಿರುತ್ತಾರೆ. ನಾನು ಕೋಣೆಗೆ ಹೋಗಿ ಓದಿದೆ. ಅಂದು ಕರಾವಳಿಯುದ್ದಕ್ಕೂ ಕಡಲು ಕೊಳದ ಹಾಗೆ. ಅಲೆ ಮೊಣಕಾಲೆತ್ತರ, ಗಾಳಿ ಬೀಸಣಿಗೆಯಷ್ಟು. ಹೊರಬಂದು ಕುರ್ಚಿಗೆ ಒರಗಿದೆ. ಚೇಚಿ ಹೆಡ್‌ಫೋನ್ ಹಾಕಿಕೊಂಡು, ಹಾಳೆಯ ಮೇಲೆ ಬೆರಳು ಓಡಿಸುತ್ತ ಕೇಳಿದರು. ಅರ್ಧಕ್ಕೇ ಕೈ ಎತ್ತಿದರು.

"ಏನು ತಪ್ಪಾತು ಚೇಚಿ?"

"ಅಂಕಿ ಸರಿ ಇದೆ. ಊರು ಸರಿ ಇದೆ." ಅವರ ಕಣ್ಣುಗಳು ಊದಿದ್ದವು. "ಆದರೆ ಈ ದನಿ ಕೇಳಿದರೆ ಮಲ್ಪೆಯಲ್ಲಿ ಒಂದು ದೋಣಿಯೂ ನೀರಿಗೆ ಇಳಿಯುವುದಿಲ್ಲ ಮೋನೇ. ಚಂಡಮಾರುತ ಬಂತೆಂದು ಹೆದರಿ ಹೆಂಡತಿ ಮಕ್ಕಳು ಅವರನ್ನು ಹಿಡಿದುಕೊಂಡು ಕೂರುತ್ತಾರೆ. ಹೋಗು, ಮುಖ ತೊಳೆದು ಬಾ."

ನಾನು ಅವರನ್ನು ಬೈಯಲಿಲ್ಲ. ಮುಖ ತೊಳೆದೆ. ನೀರು ಕುಡಿದೆ. ಒಳಗೆ ಹೋಗಿ ಮತ್ತೆ ಓದಿದೆ. ಅಲೆಗಳು ಕಡಿಮೆ ಎಂದೆ, ಗಾಳಿ ಕಡಿಮೆ ಎಂದೆ, ಕಾರವಾರದಿಂದ ಮಂಗಳೂರಿನವರೆಗೆ ಇಂದು ಯಾವ ಎಚ್ಚರಿಕೆಯೂ ಇಲ್ಲ ಎಂದೆ. ಕೊನೆಯಲ್ಲಿ, ಬಾಯಿಗೆ ತಾನಾಗಿ ಬಂದುಬಿಟ್ಟಿತು, "ಹೋಗಿ ಬನ್ನಿ" ಎಂದೆ.

ಅದು ಹಾಳೆಯಲ್ಲಿರಲಿಲ್ಲ. ಗಾಜಿನ ಆಚೆ ಚೇಚಿಯ ಬೆರಳು ಕೊನೆಯ ಸಾಲಿಗೆ ಬಂದು, ಮುಂದೇನೂ ಸಿಗದೆ, ಬಿಳಿ ಕಾಗದದ ಮೇಲೆ ಸ್ವಲ್ಪ ಹೊತ್ತು ನಿಂತಿತು. ಕಣ್ಣೆತ್ತಿ ನನ್ನನ್ನು ನೋಡಿದರು. ಕೈ ಎತ್ತಲಿಲ್ಲ. ಕಳಿಸಿದರು.